ಬಾಗಿಲಿಗೆ ಬೇವು ಕಟ್ಟಿದ ಮನೆ

(ಯುಗಾದಿಗೆ ಒಂದು ವಾರ ಮುಂಚೆ ದಾವಣಗೆರೆಯಲ್ಲಿ ಮಹಿಳೆಯರು ಮತ್ತು ಕಾಲೇಜು ವಿದ್ಯಾರ್ಥಿಗಳು ಸೇರಿದ್ದ ಸಭೆಯೊಂದರಲ್ಲಿ ನಿವೃತ್ತ ವಿಜ್ಞಾನ ಶಿಕ್ಷಕಿಯೊಬ್ಬರು ಆಡಿದ ಮಾತುಗಳ ಬರಹ ರೂಪ)

ಮುಂದಿನ ವಾರ ಯುಗಾದಿ. ನಿಮ್ಮಲ್ಲಿ ಎಷ್ಟು ಜನಕ್ಕೆ 2020ರ ಯುಗಾದಿ ನೆನಪಿದೆ? ಮಾರ್ಚ್ 25, ಬುಧವಾರ. ಹಿಂದಿನ ರಾತ್ರಿ 8 ಗಂಟೆಗೆ ಪ್ರಧಾನಿ ಟಿ.ವಿ.ಯಲ್ಲಿ ಬಂದು 21 ದಿನ ಯಾರೂ ಮನೆ ಬಿಟ್ಟು ಬರಬೇಡಿ ಅಂದರು. ಬೆಳಗಾದರೆ ಹಬ್ಬ. ಬೇವಿನ ಸೊಪ್ಪಿಗೆ ಹೊರಗೆ ಹೋಗುವುದೋ ಬೇಡವೋ ತಿಳಿಯದೆ ನಾನು ಹೊಸ್ತಿಲ ಮೇಲೆ ನಿಂತಿದ್ದೆ. ಎದುರುಮನೆಯ ಅಜ್ಜಿ, ಓಣಿಯವರೆಲ್ಲ ದೊಡ್ಡಮ್ಮ ಅಂತ ಕರೆಯುವವರು, ತಮ್ಮ ಹಿತ್ತಲ ಮರದ ಟೊಂಗೆ ಮುರಿದು ತಂದು ನಮ್ಮ ಕಾಂಪೌಂಡ್ ಗೋಡೆಯ ಮೇಲೆ ಇಟ್ಟರು. ಇಟ್ಟು ನಾಲ್ಕು ಹೆಜ್ಜೆ ಹಿಂದೆ ಸರಿದು, "ಈಗ ತಗೋ" ಅಂದರು. ಆ ನಾಲ್ಕು ಹೆಜ್ಜೆ ಅವರಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಆ ದಿನ ಊರು ಎಷ್ಟು ಮೌನವಾಗಿತ್ತು ಅಂದರೆ, ಹಳೇ ಪಿ.ಬಿ. ರಸ್ತೆಯ ಕಡೆಯಿಂದ ಒಂದು ಲಾರಿಯ ಸದ್ದೂ ಇಲ್ಲ. ಮಂಡಕ್ಕಿ ಭಟ್ಟಿಗಳ ಹೊಗೆ ಇಲ್ಲ. ದಾವಣಗೆರೆಯಲ್ಲಿ ಹುಟ್ಟಿ ಬೆಳೆದವರಿಗೆ ಆ ಹೊಗೆ ಇಲ್ಲದ ಆಕಾಶ ಎಂಥದ್ದು ಅಂತ ಗೊತ್ತು. ಬಿಸಿ ಮರಳಿನಲ್ಲಿ ಅಕ್ಕಿ ಅರಳುವ ಆ ವಾಸನೆ ಬರಲಿಲ್ಲ ಅಂದರೆ ಎಷ್ಟೋ ಮನೆಯ ಒಲೆ ಉರಿಯುವುದಿಲ್ಲ ಅಂತ ಅರ್ಥ. ಬೆಣ್ಣೆ ದೋಸೆ ಹೋಟೆಲುಗಳ ಕಾವಲಿ ತಣ್ಣಗಾಗಿತ್ತು. ಚಂದ್ರನ್ನ ನೋಡುವ ಸಂಜೆ ನಾವೆಲ್ಲ ನಮ್ಮ ನಮ್ಮ ಮಾಳಿಗೆ ಹತ್ತಿದೆವು. ಪ್ರತಿ ವರ್ಷ ಚಂದ್ರನಿಗೆ ಕೈಮುಗಿದು ಓಣಿಯ ಹಿರಿಯರ ಕಾಲಿಗೆ ಬೀಳುವುದು ರೂಢಿ. ಆ ವರ್ಷ ಮಾಳಿಗೆಯಿಂದ ಮಾಳಿಗೆಗೆ ಕೈಮುಗಿದೆವು. ದೊಡ್ಡಮ್ಮ ಅಲ್ಲಿಂದಲೇ ಎರಡೂ ಕೈ ಎತ್ತಿ ಇಡೀ ಓಣಿಗೆ ಆಶೀರ್ವಾದ ಮಾಡಿದರು. ಒಬ್ಬೊಬ್ಬರ ತಲೆ ಮುಟ್ಟಿ ಮಾಡುತ್ತಿದ್ದವರು ಅವತ್ತು ಒಟ್ಟಿಗೇ ಎಲ್ಲರಿಗೂ ಮಾಡಿದರು.

ಬೇವಿನ ವಿಷಯ ಬಂತಲ್ಲ, ಅಲ್ಲಿಂದಲೇ ಹಿಡಿದುಕೊಂಡು ಹೋಗುತ್ತೇನೆ. ಇಲ್ಲಿ ಕೂತ ಹಿರಿಯರಿಗೆ ಇನ್ನೊಂದು ಬೇವು ಗೊತ್ತು. ಮನೆಯಲ್ಲಿ ಮಗುವಿಗೆ ಅಮ್ಮ ಆದಾಗ, ಅಂದರೆ ಮೈಮೇಲೆ ಸಿಡುಬಿನಂಥ ಗುಳ್ಳೆ ಎದ್ದಾಗ, ಬಾಗಿಲಿಗೆ ಕಟ್ಟುವ ಬೇವು. ಅಮ್ಮ ಆದ ಮನೆಯಲ್ಲಿ ಒಗ್ಗರಣೆ ಹಾಕುವ ಹಾಗಿಲ್ಲ, ಜೋರಾಗಿ ಮಾತಾಡುವ ಹಾಗಿಲ್ಲ. ಹೊರಗಿನವರು ಒಳಗೆ ಬರುವ ಹಾಗಿಲ್ಲ, ಒಳಗಿನವರು ಮದುವೆ ಮುಂಜಿಗೆ ಹೋಗುವ ಹಾಗಿಲ್ಲ. ಮಗುವಿಗೆ ಬೇವಿನ ಎಲೆಯ ಹಾಸಿಗೆ. ತುರಿಕೆಗೆ ಉಗುರು ತಾಗಬಾರದು ಅಂತ ಬೇವಿನ ಎಸಳಿನಿಂದ ಸವರುವುದು. ನನಗೆ ಏಳು ವರ್ಷವಿದ್ದಾಗ ಆಗಿತ್ತು. ನನ್ನ ಓರಗೆಯ ಹುಡುಗಿಯರು ಬೀದಿಯಲ್ಲಿ ನಿಂತು, ಬಾಗಿಲಿನ ಬೇವು ನೋಡಿ, ಕೈಮುಗಿದು ಹೋಗುತ್ತಿದ್ದರು. ನನಗೆ ಬಂದದ್ದು ಸಿಡುಬೋ ಚಿಕನ್‌ಪಾಕ್ಸೋ ಅಂತ ಅವ್ವನಿಗೆ ಗೊತ್ತಿರಲಿಲ್ಲ. ಮುಖದಲ್ಲಿ ಕಲೆ ಉಳಿಯದ್ದರಿಂದ ಚಿಕನ್‌ಪಾಕ್ಸೇ ಇರಬೇಕು ಅಂತ ಆಮೇಲೆ ನಾನೇ ಅಂದುಕೊಂಡೆ.

ವಿಜ್ಞಾನದ ಮೇಷ್ಟ್ರಾಗಿ ಆ ಪದ್ಧತಿಯನ್ನು ಬಹಳ ವರ್ಷ ಮೂಢನಂಬಿಕೆ ಅಂತಲೇ ಪಾಠ ಮಾಡಿದೆ. ದೇವಿ ಮುನಿದು ಬರುವುದು ಅಂತ ಇಂದಿಗೂ ನಾನು ನಂಬುವುದಿಲ್ಲ. ಆದರೆ ಕೊರೊನಾ ಬಂದ ಮೇಲೆ ಅದರೊಳಗಿನ ಇನ್ನೊಂದು ಸಂಗತಿ ಕಾಣಿಸಿತು. ಅಂಟುರೋಗ ಬಂದ ಮನೆಯನ್ನು ಊರಿನಿಂದ ಬೇರೆ ಮಾಡಬೇಕು ಅಂತ ನಮ್ಮ ಅಜ್ಜಿಯರಿಗೆ ಗೊತ್ತಿತ್ತು. ಬೇರೆ ಮಾಡುವಾಗ ಆ ಮನೆಯ ಮರ್ಯಾದೆ ಕಳೆಯಬಾರದು ಅಂತಲೂ ಗೊತ್ತಿತ್ತು. ಮನೆಗೆ ಅಮ್ಮ ಬಂದಿದ್ದಾಳೆ, ದೇವರೇ ಬಂದಿದ್ದಾಳೆ ಅಂದಮೇಲೆ ಆ ಮನೆಯನ್ನು ಯಾರು ಹೀಗಳೆಯುತ್ತಾರೆ? ದೂರ ಇರುತ್ತಿದ್ದರು, ಕೈಮುಗಿದು ದೂರ ಇರುತ್ತಿದ್ದರು.

ಇದಕ್ಕೆ ತದ್ವಿರುದ್ಧದ ಪದ್ಧತಿಯೂ ನಮ್ಮ ಸೀಮೆಯಲ್ಲೇ ಇದೆ, ಹೊರಬೀಡು. ನಮ್ಮ ದಾವಣಗೆರೆ, ಪಕ್ಕದ ಚಿತ್ರದುರ್ಗ, ಬಳ್ಳಾರಿ ಕಡೆಯ ಹಳ್ಳಿಗಳಿಂದ ಬಂದವರಿಗೆ ಬಿಡಿಸಿ ಹೇಳಬೇಕಿಲ್ಲ. ರೋಗರುಜಿನ ಹೆಚ್ಚಾದರೆ ಒಂದು ದಿನ ಗೊತ್ತುಮಾಡಿ, ಹೊತ್ತು ಮೂಡುವ ಮುಂಚೆ ಮನೆ ಗುಡಿಸಿ, ಬೀಗ ಹಾಕಿ, ದನಕರು ಕೋಳಿ ಕುರಿ ಎಲ್ಲ ಹೊಡೆದುಕೊಂಡು ಇಡೀ ಊರೇ ಹೊಲಕ್ಕೆ ಹೋಗುತ್ತದೆ. ಊರಬಾಗಿಲಿಗೆ ಮುಳ್ಳು ಹಚ್ಚುತ್ತಾರೆ. ಮರದ ಕೆಳಗೆ ಅಡುಗೆ, ಊಟ. ಸಂಜೆ ಪೂಜೆ ಮಾಡಿ ಒಳಗೆ ಬರುತ್ತಾರೆ. ಇದರ ಹಿಂದೆ ಪ್ಲೇಗಿನ ನೆನಪೂ ಇದೆ ಅಂತ ನನಗೆ ಅನ್ನಿಸುತ್ತದೆ. 1896ರಲ್ಲಿ ಮುಂಬಯಿಗೆ ಬಂದ ಪ್ಲೇಗು 1898ರ ಹೊತ್ತಿಗೆ ಬೆಂಗಳೂರು ಮುಟ್ಟಿತು. ಆಮೇಲೆ ದಶಕಗಳ ಕಾಲ ನಮ್ಮ ಹಳ್ಳಿಗಳಲ್ಲಿ ಇಲಿ ಸತ್ತು ಬಿದ್ದರೆ ಜನ ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿಕೊಳ್ಳುತ್ತಿದ್ದರು. ಅದು ಸರಿಯಾದ ಕೆಲಸವೇ. ಪ್ಲೇಗು ಹರಡುವುದು ಇಲಿಯ ಮೈಮೇಲಿನ ಚಿಗಟದಿಂದ. ಚಿಗಟ ಇರುವುದು ಮನೆಯೊಳಗೆ. ಹಾಗಾಗಿ ಮನೆ ಬಿಡುವುದೇ ಔಷಧಿ. ಕೊರೊನಾ ಹರಡುವುದು ಉಸಿರಿನಿಂದ. ಹಾಗಾಗಿ ಜನರ ನಡುವಿನಿಂದ ಸರಿದು ಮನೆ ಸೇರುವುದು ಔಷಧಿ. ವಿದ್ಯಾರ್ಥಿಗಳು ಇದನ್ನು ಗಮನಿಸಬೇಕು. ರೋಗ ಹೇಗೆ ಹರಡುತ್ತದೆ ಅನ್ನುವುದು ಗೊತ್ತಿಲ್ಲದಿದ್ದರೆ, ಎಷ್ಟೇ ಪ್ರೀತಿ ಇದ್ದರೂ ತಪ್ಪು ಬಾಗಿಲು ಹಾಕಿಬಿಡುತ್ತೇವೆ. 2020ರ ಮಾರ್ಚ್ ಕೊನೆಯಲ್ಲಿ ಎಷ್ಟೋ ಹಳ್ಳಿಯವರು ಊರ ದಾರಿಗೆ ಜಾಲಿಮುಳ್ಳು ಹಾಕಿದರು. ಹೊರಗಿನವರು ಬರದಂತೆ ಅಂತ. ಆದರೆ ಬೆಂಗಳೂರಿನಿಂದ ನಡೆದು ಬಂದ ಅವರದೇ ಊರಿನ ಹುಡುಗ ಆ ಮುಳ್ಳಿನ ಆಚೆ ನಿಂತಾಗ ಏನು ಮಾಡಬೇಕು ಅನ್ನುವುದು ಆ ಮುಳ್ಳಿಗೆ ಗೊತ್ತಿರಲಿಲ್ಲ. ಕೆಲವು ಊರಿನವರು ಶಾಲೆಯ ಕೋಣೆ ತೆಗೆದುಕೊಟ್ಟು, ಹದಿನಾಲ್ಕು ದಿನ ಊಟ ಒಯ್ದು ಕೊಟ್ಟು, ಆಮೇಲೆ ಮನೆಗೆ ಸೇರಿಸಿದರು. ಕೆಲವರು ಕಲ್ಲು ಹಿಡಿದರು. ಎರಡೂ ನಮ್ಮ ಜನವೇ.

ನಮ್ಮ ನಗರಕ್ಕೆ ಬರೋಣ. ಏಪ್ರಿಲ್ ಕೊನೆಗೆ ದಾವಣಗೆರೆ ಹಸಿರು ವಲಯವಾಯಿತು ಅಂತ ಉಸಿರು ಬಿಟ್ಟೆವು. ಅದರ ಬೆನ್ನಿಗೇ ಮತ್ತೆ ರೋಗ ಕಾಣಿಸಿಕೊಂಡು ಬಾಷಾನಗರ, ಜಾಲಿನಗರದ ಓಣಿಗಳನ್ನು ಮುಚ್ಚಿದರು. ಬಾಗಿಲಿಗೆ ಬೇವಿನ ಬದಲು ಈಗ ಕೆಂಪು ಪಟ್ಟಿ, ತಗಡು, ಬ್ಯಾರಿಕೇಡು. ಮುಚ್ಚಬೇಕಾಗಿದ್ದು ನಿಜ, ಅದರ ಬಗ್ಗೆ ನನ್ನ ತಕರಾರಿಲ್ಲ. ಆದರೆ ಆ ಓಣಿಯ ಹೆಸರು ಹೇಳಿದರೆ ಹಾಲು ಹಾಕುವವರೂ ಹಿಂದೆ ಸರಿಯುವಂತಾಯಿತು. ರೋಗಕ್ಕೆ ಜಾತಿ ಹಚ್ಚಿದರು, ಧರ್ಮ ಹಚ್ಚಿದರು. ತಳ್ಳುಗಾಡಿಯಲ್ಲಿ ಸೊಪ್ಪು ತರುತ್ತಿದ್ದ ಹುಡುಗನ ಹೆಸರು ಕೇಳಿ ವಾಪಸು ಕಳಿಸಿದ ಮನೆ ನಮ್ಮ ಓಣಿಯಲ್ಲೂ ಇತ್ತು. ಹತ್ತು ವರ್ಷದಿಂದ ಅವನ ಕೈಯಿಂದ ಕೊತ್ತಂಬರಿ ತಗೊಂಡವರು. ಅವನು ಗಾಡಿ ತಿರುಗಿಸುವಾಗ ನಾನು ಕಿಟಕಿಯಲ್ಲಿ ನಿಂತಿದ್ದೆ, ಕರೆಯಲಿಲ್ಲ. ಮರುದಿನ ಕರೆಯೋಣ ಅಂದುಕೊಂಡೆ. ಮರುದಿನ ಅವನು ಬರಲಿಲ್ಲ. ಇದನ್ನು ಯಾಕೆ ಹೇಳುತ್ತಿದ್ದೇನೆ ಅಂದರೆ, ಅವತ್ತು ಮನೆಯೊಳಗೆ ಸುಮ್ಮನಿದ್ದವರಲ್ಲಿ ನಾನೂ ಒಬ್ಬಳು, ಅದು ಈಗಲೂ ನನ್ನನ್ನು ಚುಚ್ಚುತ್ತದೆ.

ಮೇ ತಿಂಗಳಲ್ಲಿ ನಮಗೆ, ಅಂದರೆ ಶಿಕ್ಷಕರಿಗೆ, ಮನೆಮನೆ ಸಮೀಕ್ಷೆಯ ಕೆಲಸ ಬಂತು. ಮನೆಯಲ್ಲಿ 60 ದಾಟಿದವರು ಯಾರು, ಸಕ್ಕರೆ ಕಾಯಿಲೆ, ಬಿ.ಪಿ. ಯಾರಿಗಿದೆ, ಬಸುರಿಯರು ಇದ್ದಾರಾ, ಜ್ವರ ಕೆಮ್ಮು ಇದೆಯಾ. ನನ್ನ ಜೊತೆ ಒಬ್ಬ ಆಶಾ ಕಾರ್ಯಕರ್ತೆ. ಮೂವತ್ತು ವರ್ಷ ಮಕ್ಕಳಿಗೆ ಪಾಠ ಮಾಡಿದೆ, ಆದರೆ ಆ ಮಕ್ಕಳ ಮನೆಯ ಹೊಸ್ತಿಲು ನೋಡಿದ್ದು ಆಗಲೇ.

ಒಂದು ಮನೆ ಹೇಳುತ್ತೇನೆ. ಹಳೇ ಊರಿನಲ್ಲಿ, ಎರಡು ಆಳು ಎದುರಾದರೆ ಒಬ್ಬರು ಗೋಡೆಗೆ ಒರಗಬೇಕಾದ ಓಣಿ. ಒಂದೇ ಕೋಣೆ. ನನ್ನ ಅಳತೆಯಲ್ಲಿ ಹತ್ತು ಅಡಿ ಉದ್ದ, ಎಂಟು ಅಡಿ ಅಗಲ. ಒಳಗೆ ಏಳು ಜನ. ಗಂಡಸು ಮಂಡಕ್ಕಿ ಭಟ್ಟಿಯಲ್ಲಿ ಕೆಲಸದವರು. ಗೋಡೆಗೆ ಮೊಳೆ ಹೊಡೆದು ಏಳು ಚೀಲ ನೇತುಹಾಕಿದ್ದರು. ಒಬ್ಬೊಬ್ಬರಿಗೆ ಒಂದೊಂದು ಚೀಲ, ಬಟ್ಟೆ ಸಾಮಾನು ಎಲ್ಲ ಅದರಲ್ಲೇ. ಶೌಚಾಲಯ ನಾಲ್ಕು ಮನೆಗೆ ಒಂದು. ನಾನು ಕೈಯಲ್ಲಿದ್ದ ಕಾಗದ ಓದಿದೆ: "ಆರು ಅಡಿ ಅಂತರ ಕಾಯ್ದುಕೊಳ್ಳಿ, ಜ್ವರ ಬಂದವರನ್ನು ಪ್ರತ್ಯೇಕ ಕೋಣೆಯಲ್ಲಿ ಇರಿಸಿ." ಆ ಮನೆಯ ಹೆಣ್ಣುಮಗಳು ಏನೂ ಅನ್ನಲಿಲ್ಲ. ಬಾಗಿಲಿನಿಂದ ಸ್ವಲ್ಪ ಪಕ್ಕಕ್ಕೆ ಸರಿದಳು. ನಾನು ಒಳಗೆ ನೋಡಲಿ ಅಂತ.

ಆಮೇಲೆ ಆಕೆಯೇ ತಮ್ಮ ಏರ್ಪಾಡು ಹೇಳಿದಳು. ಅತ್ತೆಗೆ ದಮ್ಮು ಇದೆ. ಹಾಗಾಗಿ ಅತ್ತೆಯನ್ನು ಬಾಗಿಲ ಪಕ್ಕ, ಗಾಳಿ ಆಡುವ ಜಾಗದಲ್ಲಿ ಮಲಗಿಸುತ್ತಾರೆ. ಹೊರಗಿನಿಂದ ಬಂದವರು ಯಾರೇ ಆದರೂ ಓಣಿಯ ನಲ್ಲಿಯ ಹತ್ತಿರ ಕೈಕಾಲು ಮುಖ ಸೋಪಿನಲ್ಲಿ ತೊಳೆದೇ ಒಳಗೆ ಕಾಲಿಡಬೇಕು. ಗಂಡಸರು, ದೊಡ್ಡ ಹುಡುಗರು ರಾತ್ರಿ ಹೊರಗೆ ಕಟ್ಟೆಯ ಮೇಲೆ ಮಲಗುತ್ತಾರೆ. ಅತ್ತೆಯ ಲೋಟ ತಟ್ಟೆ ಬೇರೆ. ಇಷ್ಟನ್ನೂ ಆಕೆ ತಾನೇ ಯೋಚನೆ ಮಾಡಿ ಮಾಡಿದ್ದು. ಆಮೇಲೆ ಡಾಕ್ಟರರು ಗಾಳಿಯ ಮಹತ್ವ ಹೇಳಿದಾಗ, ಮುಚ್ಚಿದ ಕೋಣೆಯಲ್ಲಿ ವೈರಾಣು ಗಾಳಿಯಲ್ಲೇ ತೇಲುತ್ತಾ ಉಳಿಯುತ್ತದೆ, ಕಿಟಕಿ ತೆಗೆಯಿರಿ ಅಂದಾಗ, ನನಗೆ ಆ ಬಾಗಿಲ ಪಕ್ಕದ ಹಾಸಿಗೆ ಕಣ್ಣಿಗೆ ಬಂತು. ನಮ್ಮ ಮನೆಯಲ್ಲಿ ನಾಲ್ಕು ಕಿಟಕಿ ಇದ್ದವು, ಸೊಳ್ಳೆ ಅಂತ ನಾಲ್ಕನ್ನೂ ಮುಚ್ಚಿದ್ದೆ.

"ಮನೆಯಲ್ಲೇ ಇರಿ" ಅನ್ನುವುದು ಎಲ್ಲರಿಗೂ ಒಂದೇ ಮಾತು. ಆದರೆ ಮನೆ ಎಲ್ಲರಿಗೂ ಒಂದೇ ಅಲ್ಲ. ನಾಲ್ಕು ಕೋಣೆಯ ಮನೆಯವರು ಮನೆಯಲ್ಲಿದ್ದರೆ ಅದು ಸುಖ. ಒಂದು ಕೋಣೆಯ ಮನೆಯವರು ಮನೆಯಲ್ಲಿದ್ದರೆ ಅದು ತ್ಯಾಗ. ದಿನಗೂಲಿ ಬಿಟ್ಟು, ಎ.ಪಿ.ಎಂ.ಸಿ.ಯ ಹಮಾಲಿ ಬಿಟ್ಟು ಕೂತವರು ನನ್ನನ್ನೂ ಸೇರಿಸಿ ಊರಿನ ಎಲ್ಲರನ್ನೂ ಕಾಪಾಡುತ್ತಿದ್ದರು. ಅದರ ಲೆಕ್ಕ ನಾವು ಎಲ್ಲೂ ಬರೆದಿಡಲಿಲ್ಲ. ಸಂಬಳ ತಪ್ಪದೆ ಬರುತ್ತಿದ್ದ ನಮ್ಮಂಥವರು ಆ ದಿನಗಳಲ್ಲಿ ಮನೆಗೆಲಸದವರಿಗೆ "ಬರಬೇಡ" ಅಂದೆವು. ಬರಬೇಡ ಅಂದು ತಿಂಗಳ ದುಡ್ಡು ಕೊಟ್ಟವರೆಷ್ಟು ಮಂದಿ? ಕೈ ಎತ್ತಬೇಕಿಲ್ಲ, ಮನಸ್ಸಿನಲ್ಲೇ ಎಣಿಸಿಕೊಳ್ಳಿ.

ಮನೆಯೊಳಗೆ ಕೂತು ಊರಿಗೆ ಕೆಡುಕು ಮಾಡಲೂ ಬರುತ್ತದೆ. ಆ ವರ್ಷ ಫೆಬ್ರವರಿ, ಮಾರ್ಚಿನಲ್ಲಿ ಕೋಳಿ ತಿಂದರೆ ಕೊರೊನಾ ಬರುತ್ತದೆ ಅಂತ ಮೊಬೈಲಿನಲ್ಲಿ ಒಂದು ಸುಳ್ಳು ಓಡಾಡಿತು. ಜನ ಕೋಳಿ ಬಿಟ್ಟರು. ಕೋಳಿಫಾರಂಗಳು ನಷ್ಟಕ್ಕೆ ಬಿದ್ದವು. ಕೋಳಿಗೆ ಮೇವು ಯಾವುದು? ಮೆಕ್ಕೆಜೋಳ. ಮೆಕ್ಕೆಜೋಳ ಬೆಳೆಯುವವರು ಯಾರು? ನಮ್ಮ ಜಗಳೂರು, ಹರಪನಹಳ್ಳಿ, ದಾವಣಗೆರೆ ಸುತ್ತಲಿನ ರೈತರು. ಕಣದಲ್ಲಿ ರಾಶಿ ಬಿದ್ದಿದೆ, ಕೊಳ್ಳುವವರಿಲ್ಲ. ಮೇ ತಿಂಗಳಲ್ಲಿ ಸರ್ಕಾರ ಮೆಕ್ಕೆಜೋಳದ ರೈತರಿಗೆ ತಲಾ 5,000 ರೂಪಾಯಿ ಪರಿಹಾರ ಘೋಷಿಸಬೇಕಾಯಿತು. ಸೋಫಾದ ಮೇಲೆ ಕೂತು "ಎಲ್ಲರಿಗೂ ಕಳಿಸಿ" ಅಂತ ಬಂದದ್ದನ್ನು ಎಲ್ಲರಿಗೂ ಕಳಿಸಿದ ಬೆರಳು ಆ ರಾಶಿಯವರೆಗೂ ಹೋಗಿ ಮುಟ್ಟಿತು. ನನ್ನ ತಮ್ಮನೇ ಮೆಕ್ಕೆಜೋಳದ ರೈತ. ಆ ಸಂದೇಶ ಅವನಿಗೂ ಬಂದಿತ್ತು, ಅವನೂ ನಾಲ್ಕು ಜನಕ್ಕೆ ಕಳಿಸಿದ್ದ.

ಈಗ 2021ಕ್ಕೆ ಬರುತ್ತೇನೆ. ಮೊದಲ ವರ್ಷ ನಾವು ರೋಗಕ್ಕೆ ಹೆದರಿ ಮನೆ ಸೇರಿದ್ದೆವು. ಎರಡನೇ ವರ್ಷ ರೋಗವೇ ಮನೆಗೆ ಬಂತು. ಏಪ್ರಿಲ್ 27ರಿಂದ ಕರ್ಫ್ಯೂ, ಮೇ 10ರಿಂದ ಲಾಕ್‌ಡೌನ್. ನಮ್ಮ ಮನೆಯಲ್ಲಿ ಮೊದಲು ಜ್ವರ ಬಂದದ್ದು ನಮ್ಮ ಯಜಮಾನರಿಗೆ. ಪಾಸಿಟಿವ್. ಉಸಿರಾಟ ಚೆನ್ನಾಗಿದ್ದರಿಂದ ಮನೆಯಲ್ಲೇ ಇರಲಿ ಅಂದರು ಡಾಕ್ಟರು.

ಬೀದಿ ಕಡೆಯ ಕೋಣೆಯನ್ನು ಅವರಿಗೆ ಬಿಟ್ಟುಕೊಟ್ಟೆ. ಬಾಗಿಲ ಹೊರಗೆ ಒಂದು ಮರದ ಸ್ಟೂಲು. ಸ್ಟೂಲಿನ ಮೇಲೆ ತಟ್ಟೆ ಇಟ್ಟು, ಸೌಟಿನಿಂದ ಬಾಗಿಲ ಚೌಕಟ್ಟಿಗೆ ಎರಡು ಸಲ ತಟ್ಟಿ ನಾನು ಅಡುಗೆಮನೆಗೆ ಬಂದುಬಿಡುತ್ತಿದ್ದೆ. ಬಾಗಿಲು ತೆಗೆದ ಸದ್ದು, ತಟ್ಟೆ ಎತ್ತಿದ ಸದ್ದು, ಬಾಗಿಲು ಹಾಕಿದ ಸದ್ದು. ಮೂವತ್ತೆರಡು ವರ್ಷದ ಸಂಸಾರ, ಆ ಹತ್ತು ದಿನ ಸದ್ದಿನಲ್ಲಿ ನಡೆಯಿತು. ಅವರು ಕೆಮ್ಮಿದರೆ ಎಷ್ಟು ಕೆಮ್ಮಿದರು ಅಂತ ಎಣಿಸುತ್ತಿದ್ದೆ. ಕೆಮ್ಮದಿದ್ದರೆ ಯಾಕೆ ಕೆಮ್ಮಲಿಲ್ಲ ಅಂತ ಎದ್ದು ಹೋಗಿ ಬಾಗಿಲಿಗೆ ಕಿವಿ ಕೊಡುತ್ತಿದ್ದೆ.

ಅದರ ಜೊತೆಗೆ ಒಂದು ನೋಟ್‌ಬುಕ್ ಇಟ್ಟಿದ್ದೆವು. ಇಲ್ಲಿ ತಂದಿದ್ದೇನೆ, ಇದೇ. ಶಾಲೆಯ ಎರಡು ಗೆರೆಯ ಕಾಪಿ ಪುಸ್ತಕ. ಬೆಳಿಗ್ಗೆ 6, 10, ಮಧ್ಯಾಹ್ನ 2, ಸಂಜೆ 6, ರಾತ್ರಿ 10. ದಿನಕ್ಕೆ ಐದು ಸಲ ಜ್ವರ ಎಷ್ಟು, ಬೆರಳಿಗೆ ಹಾಕಿ ರಕ್ತದ ಆಮ್ಲಜನಕ ನೋಡುವ ಆಕ್ಸಿಮೀಟರ್ ಎಷ್ಟು. ಇಲ್ಲಿ ಹುಡುಗಿಯರು ಇದ್ದೀರಿ, ಆಕ್ಸಿಮೀಟರ್ ಹಿಡಿಯುವುದನ್ನು ಕಲಿತಿರಿ, ಮುಂದೆ ಯಾವಾಗಲಾದರೂ ಬೇಕಾಗುತ್ತದೆ. ಐದು ನಿಮಿಷ ಸುಮ್ಮನೆ ಕೂತ ಮೇಲೆ ಹಾಕಬೇಕು. ಬೆರಳು ಬೆಚ್ಚಗಿರಬೇಕು, ಅಲುಗಾಡಬಾರದು. ಉಗುರಿಗೆ ಬಣ್ಣ ಇರಬಾರದು, ಮೆಹಂದಿ ಇದ್ದರೂ ಅಂಕಿ ತಪ್ಪು ತೋರಿಸಬಹುದು. ಆರೋಗ್ಯವಂತರಿಗೆ 95ರ ಮೇಲೆ ಇರುತ್ತದೆ. 94ರ ಕೆಳಗೆ ಇಳಿದರೆ ಡಾಕ್ಟರಿಗೆ ಹೇಳಲೇಬೇಕು. ಈ ರೋಗದ ಮೋಸ ಏನು ಅಂದರೆ, ರಕ್ತದಲ್ಲಿ ಆಮ್ಲಜನಕ ಇಳಿದಿದ್ದರೂ ಮನುಷ್ಯ ಆರಾಮಾಗಿ ಮಾತಾಡುತ್ತಾ ಕೂತಿರುತ್ತಿದ್ದ. "ನನಗೇನೂ ಆಗಿಲ್ಲ" ಅನ್ನುತ್ತಿದ್ದ. ಆ ಮಾತು ನಂಬಿ ಮನೆಯವರು ಸುಮ್ಮನಾದ ಕಡೆ ಹೆಣ ಬಿದ್ದಿವೆ. ಪ್ರೀತಿಯವರ ಮಾತಿಗಿಂತ ಬೆರಳಿನ ಅಂಕಿಯನ್ನು ನಂಬಬೇಕಾದ ರೋಗ ಅದು.

ಇನ್ನೊಂದು. ಯಾರೋ ಹೇಳಿದರು ಅಂತ ಮೊದಲ ದಿನವೇ ಸ್ಟೆರಾಯ್ಡ್ ಗುಳಿಗೆ ನುಂಗಿದವರಿದ್ದರು. ಸ್ಟೆರಾಯ್ಡ್ ಜೀವ ಉಳಿಸಿದ್ದೂ ನಿಜ, ಆದರೆ ಅದು ಆಮ್ಲಜನಕ ಬೇಕಾದ ರೋಗಿಗೆ, ಡಾಕ್ಟರರ ಕಣ್ಣೆದುರು. ಸಕ್ಕರೆ ಕಾಯಿಲೆ ಇದ್ದವರು ಮನೆಯಲ್ಲಿ ತಾವೇ ನುಂಗಿ ಸಕ್ಕರೆ ಏರಿ, ಕಪ್ಪು ಶಿಲೀಂಧ್ರಕ್ಕೆ ಕಣ್ಣು ಕೊಟ್ಟವರನ್ನು ಆ ಮೇ ತಿಂಗಳಲ್ಲಿ ನೋಡಿದ್ದೇವೆ. ಮನೆಮದ್ದಿನ ಹೆಸರಿನಲ್ಲಿ ದಿನಕ್ಕೆ ಆರು ಲೋಟ ಮೆಣಸಿನ ಕಷಾಯ ಕುಡಿಸಿ ಹೊಟ್ಟೆ ಸುಟ್ಟವರೂ ಇದ್ದರು. ಆರೈಕೆಗೂ ಅಳತೆ ಇದೆ.

ಅವರ ಆರನೇ ದಿನ ನನಗೆ ಜ್ವರ ಬಂತು. ಆಗ ಎರಡು ಬಾಗಿಲು, ಎರಡು ರೋಗಿ, ಮಾಡುವವರು ಯಾರೂ ಇಲ್ಲ. ಮಗಳು ಪುಣೆಯಲ್ಲಿ. ದೊಡ್ಡಮ್ಮನ ಮನೆಯಿಂದ ಮಾತು ಬಂತು: "ಮಾಳಿಗೆ ಮೇಲಿಂದ ಬುಟ್ಟಿ ಬಿಡು." ಬಾವಿಗೆ ಬಿಡುವ ಹಾಗೆ ಹಗ್ಗಕ್ಕೆ ಬುಟ್ಟಿ ಕಟ್ಟಿ ಬಿಟ್ಟರೆ, ಕೆಳಗೆ ಓಣಿಯಲ್ಲಿ ಯಾರಾದರೂ ಒಬ್ಬರು ಅದರಲ್ಲಿ ಇಡುತ್ತಿದ್ದರು. ಜೋಳದ ರೊಟ್ಟಿ, ಹೆಸರುಕಾಳಿನ ಪಲ್ಯ, ಶೇಂಗಾ ಚಟ್ನಿ. ಒಂದು ದಿನ ಅರ್ಧ ಲೀಟರ್ ಹಾಲು, ಇನ್ನೊಂದು ದಿನ ಎಳನೀರು. ಯಾರು ಯಾವ ದಿನ ಅಂತ ಅವರೊಳಗೇ ಸರದಿ ಮಾಡಿಕೊಂಡಿದ್ದರು. ಸೊಪ್ಪಿನ ಹುಡುಗನನ್ನು ವಾಪಸು ಕಳಿಸಿದ ಮನೆಯಿಂದಲೂ ಎರಡು ದಿನ ಬಂತು. ಮನುಷ್ಯರನ್ನು ಒಂದೇ ದಿನದ ಮೇಲೆ ಅಳೆಯಲು ನನಗೆ ಈಗ ಧೈರ್ಯವಿಲ್ಲ.

ಹನ್ನೊಂದನೇ ದಿನ ಯಜಮಾನರು ಕೋಣೆಯಿಂದ ಹೊರಗೆ ಬಂದರು. ಗೋಡೆ ಹಿಡಿದು ನಡೆಯುತ್ತಿದ್ದರು. ಅವತ್ತಿನವರೆಗೆ ಆ ಮನುಷ್ಯ ಒಂದು ಲೋಟ ಚಹಾ ಕಾಸಿದವರಲ್ಲ. ಕೆಟ್ಟವರಲ್ಲ, ಕಲಿಸಿದವರಿಲ್ಲ ಅಷ್ಟೆ. ಅವರ ತಾಯಿಯೂ ಕಲಿಸಲಿಲ್ಲ, ನಾನೂ ಕಲಿಸಲಿಲ್ಲ. ಮುಚ್ಚಿದ ಬಾಗಿಲಿನ ಆಚೆಯಿಂದ ನಾನು ಹೇಳುತ್ತಾ ಹೋದೆ: ಒಂದು ಹಿಡಿ ನುಚ್ಚು, ಆರು ಲೋಟ ನೀರು, ಉಕ್ಕಿದಾಗ ಸಣ್ಣ ಉರಿ. ಮೊದಲ ದಿನದ ಗಂಜಿ ತಳ ಹಿಡಿದಿತ್ತು. ಆ ವಾಸನೆಯ ಗಂಜಿಯನ್ನು ನಾನು ಪೂರ್ತಿ ಕುಡಿದೆ.

ನನಗೆ ಒಂದು ರಾತ್ರಿ 92ಕ್ಕೆ ಇಳಿಯಿತು. ಡಾಕ್ಟರು ಫೋನಿನಲ್ಲೇ ಬೋರಲು ಮಲಗಲು ಹೇಳಿದರು. ಎದೆಯ ಕೆಳಗೊಂದು, ಕಾಲಿನ ಕೆಳಗೊಂದು ದಿಂಬು. ಎರಡು ಕಡೆ ಹಾಸಿಗೆ ಇಲ್ಲ ಅಂದರು, ಮೂರನೇ ಕಡೆ ಸಿಕ್ಕಿತು. ಐದು ದಿನ ಆಮ್ಲಜನಕದ ಮೇಲಿದ್ದು ಬಂದೆ. ನನ್ನ ಪಕ್ಕದ ಹಾಸಿಗೆಯ ಹೆಣ್ಣುಮಗಳು ಬರಲಿಲ್ಲ. ಅದರ ಬಗ್ಗೆ ಇಷ್ಟೇ ಹೇಳುತ್ತೇನೆ.

ಮನೆಗೆ ಬಂದ ಎಷ್ಟೋ ದಿನದ ಮೇಲೆ ಈ ಪುಸ್ತಕ ತಿರುವಿ ಹಾಕಿದೆ. ಮೊದಲ ಪುಟಗಳು ನನ್ನ ಕೈಬರಹ. ಅಂಕಿ, ಅಂಕಿ, ಅಂಕಿ. ಆಮೇಲೆ ಅವರ ಕೈಬರಹ. ಅವರು ಅಂಕಿಯ ಪಕ್ಕ ಬೇರೆ ಏನೇನೋ ಬರೆದಿದ್ದಾರೆ. ಓದುತ್ತೇನೆ. "ಸಂಜೆ 6. ಜ್ವರ 100. ಆಕ್ಸಿಜನ್ 95. ಗಂಜಿ ಅರ್ಧ ಲೋಟ." ಇನ್ನೊಂದು: "ರಾತ್ರಿ 10. 94. ಮಗಳ ಜೊತೆ ಫೋನಿನಲ್ಲಿ ಮಾತಾಡಿದಳು. ನಕ್ಕಳು." ಆಮೇಲೆ ಇಲ್ಲಿ, ಆಸ್ಪತ್ರೆಗೆ ಹೋದ ರಾತ್ರಿ: "2 ಗಂಟೆ. 92. ಕರೆದುಕೊಂಡು ಹೋದರು. ಕೋಣೆಯ ದೀಪ ಆರಿಸಿಲ್ಲ."

ನಾನು ಆಸ್ಪತ್ರೆಯಲ್ಲಿದ್ದ ಐದು ದಿನವೂ ಅವರು ದಿನಕ್ಕೆ ಐದು ಸಲ ಸಮಯ ಬರೆದು ಪಕ್ಕದಲ್ಲಿ ಗೆರೆ ಎಳೆದಿದ್ದಾರೆ. ಬರೆಯಲು ಅಂಕಿ ಇಲ್ಲ. ಆದರೂ ಬರೆದಿದ್ದಾರೆ.

ಪ್ರೀತಿಯ ವಿಷಯ ಹೇಳಿದ ಬಾಯಲ್ಲೇ ಇನ್ನೊಂದನ್ನೂ ಹೇಳಬೇಕು. ಎಲ್ಲ ಮನೆಯಲ್ಲೂ ಬಾಗಿಲು ಮುಚ್ಚಿದ ಮೇಲೆ ಪ್ರೀತಿ ಸಿಗಲಿಲ್ಲ. ಲಾಕ್‌ಡೌನ್ ಶುರುವಾದ ಕೆಲವೇ ವಾರದಲ್ಲಿ ಹೊಡೆತ ಬಡಿತದ ದೂರುಗಳು ಹೆಚ್ಚಾಗಿ, ರಾಷ್ಟ್ರೀಯ ಮಹಿಳಾ ಆಯೋಗ 2020ರ ಏಪ್ರಿಲ್‌ನಲ್ಲೇ ವಾಟ್ಸ್ಆ್ಯಪ್ ನಂಬರು ತೆರೆಯಿತು. ಯಾಕೆ ಗೊತ್ತಾ? ಹೊಡೆಯುವವನು ಮನೆಯಲ್ಲೇ ಇರುವಾಗ ಫೋನು ಮಾಡಿ ಮಾತಾಡುವುದು ಹೇಗೆ? ಅಕ್ಷರ ಒತ್ತಿ ಕಳಿಸಬಹುದು. ನನ್ನ ಎಂಟನೇ ತರಗತಿಯ ಇಬ್ಬರು ಹುಡುಗಿಯರು ಶಾಲೆ ತೆರೆದಾಗ ವಾಪಸು ಬರಲಿಲ್ಲ. ಒಬ್ಬಳಿಗೆ ಮದುವೆಯಾಗಿತ್ತು. ಮಂಟಪ ಇಲ್ಲ, ಜನ ಇಲ್ಲ, ಖರ್ಚಿಲ್ಲ ಅಂತ ಮನೆಯಲ್ಲೇ ಮುಗಿಸಿದ್ದರು. ಶಾಲೆ ಮುಚ್ಚಿದ್ದಾಗ ಮಕ್ಕಳಿದ್ದಲ್ಲಿಗೇ ಹೋಗಿ ಪಾಠ ಮಾಡುವ ವಿದ್ಯಾಗಮ ನಡೆಯುತ್ತಿದ್ದ ಆಗಸ್ಟ್, ಸೆಪ್ಟೆಂಬರಿನಲ್ಲಿ ಗುಡಿಯ ಕಟ್ಟೆಯ ಮೇಲೆ ಪಾಠಕ್ಕೆ ಬರುತ್ತಿದ್ದಳು. ಅಕ್ಟೋಬರಿನಲ್ಲಿ ವಿದ್ಯಾಗಮ ನಿಂತಿತು, ಅವಳ ಓದೂ ನಿಂತಿತು. ಆ ಓಣಿಯಲ್ಲಿ ಒಬ್ಬರಾದರೂ 1098ಕ್ಕೆ ಒಂದು ಫೋನು ಮಾಡಿದ್ದರೆ? ಪಕ್ಕದ ಮನೆಯ ಕೂಗು ಕೇಳಿದಾಗ ಟಿ.ವಿ. ಸೌಂಡು ಜಾಸ್ತಿ ಮಾಡುವ ನಾವು, ಆ ಮನೆಯಲ್ಲಿ ಕೊರೊನಾ ಅಂದಾಗ ಮಾತ್ರ ಕಿವಿ ನಿಮಿರಿಸಿದೆವು. ಮಹಿಳೆಯರ ಸಹಾಯವಾಣಿ 181, ಮಕ್ಕಳದ್ದು 1098. ಬರೆದುಕೊಳ್ಳಿ.

ಸಮೀಕ್ಷೆಯಲ್ಲಿ ನನ್ನ ಜೊತೆ ಇದ್ದ ಆಶಾ ಕಾರ್ಯಕರ್ತೆಯ ಮಾತು ಬಿಟ್ಟರೆ ನನಗೆ ಸಮಾಧಾನವಿಲ್ಲ. ಬೆಳಿಗ್ಗೆ 8ಕ್ಕೆ ಬಂದರೆ ಮಧ್ಯಾಹ್ನದ ಬಿಸಿಲಿನಲ್ಲಿ ಛತ್ರಿಯೂ ಇಲ್ಲದೆ ತಿರುಗುತ್ತಿದ್ದಳು. ಬಟ್ಟೆಯ ಒಂದು ಮಾಸ್ಕು, ದಿನಾ ಒಗೆದು ಹಾಕಿಕೊಳ್ಳುವುದು. ತನ್ನ ಮನೆಗೆ ಹೋದರೆ ಓಣಿಯವರು "ರೋಗ ತರ್ತೀಯ" ಅಂತ ನಲ್ಲಿಯ ಹತ್ತಿರ ಬಿಡುತ್ತಿರಲಿಲ್ಲ. 2020ರ ಜುಲೈನಲ್ಲಿ ರಾಜ್ಯದ ಸುಮಾರು 42,000 ಆಶಾ ಕಾರ್ಯಕರ್ತೆಯರು ತಿಂಗಳಿಗೆ 12,000 ರೂಪಾಯಿ ಗೌರವಧನ, ಮೈ ಕಾಪಾಡಿಕೊಳ್ಳುವ ಸಾಮಗ್ರಿ ಕೊಡಿ ಅಂತ ಕೆಲಸ ನಿಲ್ಲಿಸಿದರು. ಅವರನ್ನು ಸರ್ಕಾರದ ಕಾಗದ ಸ್ವಯಂಸೇವಕಿಯರು ಅನ್ನುತ್ತದೆ. ಚಪ್ಪಾಳೆ ತಟ್ಟಿದೆವು, ದೀಪ ಹಚ್ಚಿದೆವು, ಕೇಳಿದ ದುಡ್ಡು ಕೊಡಲಿಲ್ಲ. ನಿಮ್ಮ ಮನೆ ಬಾಗಿಲಿಗೆ ಆಶಾ ಬಂದರೆ ಕೂರಲು ಕುರ್ಚಿ ಹಾಕಿ, ಕುಡಿಯಲು ನೀರು ಕೊಡಿ. ಕೇಳಿದ್ದಕ್ಕೆ ನಿಜ ಹೇಳಿ.

ಲಸಿಕೆ ಬಗ್ಗೆ ಎರಡೇ ಮಾತು. 60 ದಾಟಿದವರಿಗೆ 2021ರ ಮಾರ್ಚ್ 1ರಿಂದ ಶುರುವಾದಾಗ ದೊಡ್ಡಮ್ಮ ಒಲ್ಲೆ ಅಂತ ಕೂತರು. ನಾನು ಅವರಿಗೆ ಮೈಸೂರಿನ ರಾಣಿಯರ ಚಿತ್ರ ತೋರಿಸಿದೆ. 1805ರಲ್ಲಿ ಥಾಮಸ್ ಹಿಕಿ ಬರೆದದ್ದು. ಅದರಲ್ಲಿ ಒಬ್ಬ ರಾಣಿ ಸೆರಗು ಸರಿಸಿ ತೋಳು ತೋರಿಸುತ್ತಿದ್ದಾರೆ. ಸಿಡುಬಿನ ಲಸಿಕೆ ಹಾಕಿಸಿಕೊಂಡಿದ್ದೇನೆ, ನೀವೂ ಹಾಕಿಸಿಕೊಳ್ಳಿ ಅಂತ ಪ್ರಜೆಗಳಿಗೆ ತೋರಿಸುವ ಚಿತ್ರ ಅದು ಅಂತ ಇತಿಹಾಸ ಬಲ್ಲವರು ಓದುತ್ತಾರೆ. ದೊಡ್ಡಮ್ಮ ಮೊಬೈಲನ್ನು ಕಣ್ಣಿನ ಹತ್ತಿರ ಹಿಡಿದು ಬಹಳ ಹೊತ್ತು ನೋಡಿದರು. "ರಾಣಿನೇ ತೋಳು ಕೊಟ್ಟಾಳೆ" ಅಂದರು. ಮರುದಿನ ಆಟೋ ಹತ್ತಿದರು. ಸಿಡುಬನ್ನು ಭೂಮಿಯಿಂದಲೇ ಅಳಿಸಿದ್ದೇವೆ ಅಂತ ವಿಶ್ವ ಆರೋಗ್ಯ ಸಂಸ್ಥೆ 1980ರಲ್ಲಿ ಹೇಳಿತಲ್ಲ, ಅದು ಬಾಗಿಲ ಬೇವು ಒಂದರಿಂದ ಆದ ಕೆಲಸವಲ್ಲ, ತೋಳು ಕೊಟ್ಟವರಿಂದ ಆದದ್ದು.

ಈಗ ಕೊರೊನಾ ಸುದ್ದಿಯಲ್ಲಿಲ್ಲ. ಆದರೆ ನಿಮ್ಮ ಹಿತ್ತಲಲ್ಲಿ ನೀರಿನ ಡ್ರಮ್ಮು ಇದೆ. 2024ರಲ್ಲಿ ಡೆಂಗಿ ಎಷ್ಟು ಏರಿತು ಅಂದರೆ ರಾಜ್ಯ ಸರ್ಕಾರ ಅದನ್ನು ಸಾಂಕ್ರಾಮಿಕ ರೋಗ ಅಂತ ಘೋಷಿಸಿ, ಸೊಳ್ಳೆ ಬೆಳೆಸಿದ ಮನೆಗೆ ನಗರದಲ್ಲಿ 400, ಹಳ್ಳಿಯಲ್ಲಿ 200 ರೂಪಾಯಿ ದಂಡ ಇಟ್ಟಿತು. ಡೆಂಗಿಯ ಸೊಳ್ಳೆ ಚರಂಡಿಯ ಕೊಳಕಿನಲ್ಲಿ ಹುಟ್ಟುವುದಲ್ಲ, ನಾವು ಕುಡಿಯಲು ತುಂಬಿಟ್ಟ ತಿಳಿನೀರಿನಲ್ಲಿ ಹುಟ್ಟುತ್ತದೆ. ನಲ್ಲಿ ನೀರು ದಿನಾ ಬಾರದ ಓಣಿಗಳಲ್ಲಿ ಡ್ರಮ್ಮು ಇಡಬೇಡಿ ಅಂತ ನಾನು ಹೇಳಲಾರೆ. ಮೊಟ್ಟೆಯಿಂದ ಸೊಳ್ಳೆಯಾಗಲು ಏಳರಿಂದ ಹತ್ತು ದಿನ ಬೇಕು. ಹಾಗಾಗಿ ವಾರಕ್ಕೊಮ್ಮೆ ಖಾಲಿ ಮಾಡಿ, ಒಳಗಿನ ಗೋಡೆಯನ್ನು ಗಟ್ಟಿಯಾಗಿ ಉಜ್ಜಬೇಕು. ಮೊಟ್ಟೆ ಗೋಡೆಗೆ ಅಂಟಿರುತ್ತದೆ, ನೀರು ಚೆಲ್ಲಿದರೆ ಹೋಗುವುದಿಲ್ಲ. ನಿಮ್ಮ ಡ್ರಮ್ಮಿನಲ್ಲಿ ಹುಟ್ಟಿದ ಸೊಳ್ಳೆ ಊರೆಲ್ಲ ಹಾರುವುದಿಲ್ಲ. ಅದು ಕಚ್ಚುವುದು ನಿಮ್ಮ ಮಗುವನ್ನು, ಗೋಡೆಯಾಚೆಯ ಮಗುವನ್ನು. ನಮ್ಮ ಮನೆಯಲ್ಲಿ ಭಾನುವಾರ ಡ್ರಮ್ಮು ಉಜ್ಜುವುದು ಯಜಮಾನರ ಪಾಲು.

ಹೊರಗೆ ಹೋಗುವಾಗ ಬಾಗಿಲ ಹತ್ತಿರದ ಮೇಜಿನ ಮೇಲೆ ಬಿಳಿ ಹಾಳೆಗಳಿವೆ, ಪೆನ್ನುಗಳಿವೆ. ಒಬ್ಬೊಬ್ಬರು ಒಂದೊಂದು ಹಾಳೆ ತೆಗೆದುಕೊಳ್ಳಿ. ನಿಮ್ಮ ಓಣಿಯಲ್ಲಿ ಒಂಟಿಯಾಗಿ ಇರುವ ಹಿರಿಯರು ಯಾರು, ಅವರ ಮನೆಯ ಇನ್ನೊಂದು ಬೀಗದಕೈ ಯಾರ ಹತ್ತಿರ ಇದೆ, ರಾತ್ರಿ 2 ಗಂಟೆಗೆ ಗಾಡಿ ತೆಗೆಯುವವರು ಯಾರು, ಆಕ್ಸಿಮೀಟರ್ ಯಾರ ಮನೆಯಲ್ಲಿದೆ, ಇಷ್ಟನ್ನು ಬರೆಯಿರಿ. ಹಾಳೆಯನ್ನು ನನಗೆ ಕೊಡಬೇಡಿ. ಮನೆಗೆ ಒಯ್ದು, ಅಡುಗೆಮನೆಯ ಕ್ಯಾಲೆಂಡರಿನ ಹಿಂದೆ ಅಂಟಿಸಿ. ದೊಡ್ಡಮ್ಮನ ಮನೆಯ ಇನ್ನೊಂದು ಬೀಗದಕೈ ನನ್ನ ಹತ್ತಿರ ಇದೆ, ನೋಡಿ, ಈ ಗೊಂಚಲಿನಲ್ಲಿ, ಕೆಂಪು ದಾರ ಕಟ್ಟಿದ್ದು.